ಒಡಪಿನ ಬೀಗ

ಹೊಸ ಕಿವಿ ಯಂತ್ರ ಹಾಕಿಕೊಂಡು ಮನೆಯ ಮೆಟ್ಟಿಲು ಹತ್ತುವಾಗ ಮುರಿಗೆಪ್ಪನಿಗೆ ತನ್ನ ಚಪ್ಪಲಿಯ ಸಪ್ಪಳ ಕೇಳಿಯೇ ನಗು ಬಂತು. ಇಷ್ಟು ವರ್ಷ ಇಷ್ಟೊಂದು ಗದ್ದಲ ಮಾಡಿಕೊಂಡು ಓಡಾಡುತ್ತಿದ್ದೆನಲ್ಲ ಎನಿಸಿತು. ಹಳೆಯ ಯಂತ್ರ ಕೆಟ್ಟು, ಅದರ ಬಿಡಿಭಾಗ ಹುಬ್ಬಳ್ಳಿಯ ಯಾವ ಅಂಗಡಿಯಲ್ಲೂ ಸಿಗದೆ, ಇಡೀ ಮಳೆಗಾಲವನ್ನು ಅವನು ಹತ್ತಿ ತುರುಕಿದ ಡಬ್ಬಿಯೊಳಗೆ ಕೂತವನಂತೆ ಕಳೆದಿದ್ದ. ಆ ಹಳೆಯದರಲ್ಲಾದರೂ ಏನು ಕೇಳುತ್ತಿತ್ತು? ಎಲ್ಲರ ದನಿಯೂ ಬಾವಿಯೊಳಗಿಂದ ಬಂದಂತೆ ಒಂದೇ ತೆರನಾಗಿರುತ್ತಿತ್ತು. ಹೊಸದು ಹಾಗಲ್ಲ. ಪಕ್ಕದ ಮನೆಯ ಕುಕ್ಕರಿನ ಸೀಟಿ, ತಂತಿಯ ಮೇಲೆ ಕೂತ ಕಾಗೆ ರೆಕ್ಕೆ ಕೊಡವಿದ್ದು, ಬಾಗಿಲ ಚಿಲಕ ಸರಿದದ್ದು, ಎಲ್ಲ ಬೇರೆ ಬೇರೆಯಾಗಿ ತೊಳೆದಿಟ್ಟಂತೆ ಕೇಳುತ್ತಿತ್ತು. ಅವನಿಗೆ ಬೇಕಾದದ್ದು ಮಾತ್ರ ಇದ್ಯಾವುದೂ ಅಲ್ಲ. ಹೆಂಡತಿ ನೀಲಗಂಗಾಳ ದನಿಯನ್ನು ಇನ್ನೊಮ್ಮೆ ಸರಿಯಾಗಿ ಕೇಳಬೇಕೆಂಬ ಒಂದೇ ಆಸೆಗೆ ಅವನು ಆ ಯಂತ್ರ ತಂದಿದ್ದ.

ಅಡಿಗೆಮನೆಯಿಂದ ಒಗ್ಗರಣೆಯ ಚಟಪಟ ಬಂತು. ಹಿಂದೆಯೇ ಬಳೆಗಳ ಸಪ್ಪಳ. ನೀಲಗಂಗಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು, ಅವನ ಕಿವಿ ನೋಡಿ ನಕ್ಕಳು, ಬಾಯಿ ತೆರೆದು ಏನೋ ಹೇಳಿದಳು.

ಏನೂ ಕೇಳಲಿಲ್ಲ. ತಲೆಯ ಮೇಲೆ ಫ್ಯಾನು ತಿರುಗುವುದು ಕೇಳುತ್ತಿತ್ತು. ಅವಳು ಕೈ ಆಡಿಸಿದಾಗ ಬಳೆ ಕೇಳಿತು. ಮಾತು ಇರಬೇಕಾದ ಜಾಗದಲ್ಲಷ್ಟೇ ಕತ್ತರಿಯಿಂದ ಕತ್ತರಿಸಿ ತೆಗೆದ ತೂತು.

"ಜೋರಾಗಿ ಹೇಳ" ಎಂದ.

ನೀಲಗಂಗಾಳ ಕುತ್ತಿಗೆಯ ನರಗಳು ಉಬ್ಬಿದವು. ಬಾಯಿ ಅಗಲವಾಯಿತು. ಅದೇ ತೂತು. ಹೈಸ್ಕೂಲಿನ ಉತ್ತರ ಪತ್ರಿಕೆ ತಿದ್ದುತ್ತ ಕೂತಿದ್ದ ಮಗಳು ದಾಕ್ಷಾಯಣಿ ಪೆನ್ನು ಕೆಳಗಿಟ್ಟು ನೋಡಿದಳು.

"ಅಪ್ಪಾ, ಅವ್ವ ಓಣಿಗೆಲ್ಲಾ ಕೇಳೂ ಹಂಗ ಒದರಾಕತ್ತಾಳ. ನಿನಗ ಕೇಳಾಕತ್ತಿಲ್ಲೇನು?"

ಮಗಳ ಮಾತು ಒಂದಕ್ಷರ ಬಿಡದೆ ಕೇಳಿತು. ಅಷ್ಟರಲ್ಲಿ ಕಿವಿಯೊಳಗೇ ಒಬ್ಬಳು ಮಾತಾಡಿದಳು. "ಮುರಿಗೆಪ್ಪ ಅವರೇ, ಅನುಮತಿ ಇಲ್ಲದ ಧ್ವನಿಯೊಂದನ್ನು ತಡೆಹಿಡಿಯಲಾಗಿದೆ."

ಎದುರಿಗೆ ನಿಂತ ನೀಲಗಂಗಾಳ ಬಾಯಿ ಮುಚ್ಚಿತ್ತು. ಆದರೆ ಆ ದನಿ ಅವಳದೇ. ಹರೆಯದ ಕಾಲದ, ಬೆಲ್ಲದ ಪಾಕದಂತೆ ಎಳೆ ಕಡಿಯದ ದನಿ.

ಆ ದನಿಯನ್ನು ಅವನು ಮೊದಲು ಕೇಳಿದ್ದು ಬಸ್ ನಿಲ್ದಾಣದಲ್ಲಿ. ಆಗ ಅವನಿಗೆ ದುರ್ಗದಬೈಲಿನಲ್ಲಿ ಒಂದು ಕ್ಯಾಸೆಟ್ ಅಂಗಡಿ. ಅಂಗಡಿ ಅಂದರೆ ಮಾರುವುದಕ್ಕಿಂತ ನಕಲು ಮಾಡುವುದೇ ಹೆಚ್ಚು. ಗಿರಾಕಿ ಹಾಡುಗಳ ಹೆಸರು ಹೇಳಿದರೆ ಸಂಜೆಗೆ ಖಾಲಿ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದ. ಕಂಪನಿಯವರು ಕ್ಯಾಸೆಟ್ಟಿನ ಬೆನ್ನ ಮೇಲಿನ ಪ್ಲಾಸ್ಟಿಕ್ ಚೂರು ಮುರಿದಿರುತ್ತಿದ್ದರು; ಅದಿಲ್ಲದಿದ್ದರೆ ಅದರ ಮೇಲೆ ಬೇರೆ ಹಾಡು ತುಂಬಲು ಬರುವುದಿಲ್ಲ. ಮುರಿಗೆಪ್ಪ ಆ ತೂತಿಗೆ ಒಂದಿಷ್ಟು ಅಂಟು ಟೇಪು ಹಚ್ಚಿ ಕೆಲಸ ಮುಗಿಸುತ್ತಿದ್ದ. ಎಂಥ ಬೀಗಕ್ಕೂ ಎಲ್ಲೋ ಒಂದು ಚೂರು ಟೇಪು ಹಚ್ಚುವ ಜಾಗ ಇದ್ದೇ ಇರುತ್ತದೆ ಎಂಬುದು ಅವನ ನಂಬಿಕೆಯಾಗಿತ್ತು. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಗೀರು ಬಿದ್ದ ಸಿ.ಡಿ.ಗೆ ಹಲ್ಲಿನ ಪೇಸ್ಟು ತಿಕ್ಕಿ ಕೊಟ್ಟ. ಸಿ.ಡಿ. ಹೋಗಿ ಮೆಮರಿ ಕಾರ್ಡು ಬಂತು, ಅದಕ್ಕೂ ಹಾಡು ತುಂಬಿದ. ಆಮೇಲೆ ಹಾಡು ಕೈಯಲ್ಲಿ ಹಿಡಿಯುವ ವಸ್ತುವೇ ಅಲ್ಲವಾಯಿತು; ಅಂಗಡಿ ಮುಚ್ಚಿತು. ಹಗಲೆಲ್ಲ ಹೆಡ್‌ಫೋನು ಒತ್ತಿಕೊಂಡು ಕೂತ ಕಿವಿಗಳೂ ಅದರ ಬೆನ್ನಿಗೇ ಮುಚ್ಚಿದವು.

ಆ ಕ್ಯಾಸೆಟ್ಟಿನ ಕಾಲದಲ್ಲೊಮ್ಮೆ ಖಾಲಿ ಕ್ಯಾಸೆಟ್ಟಿನ ಪಾರ್ಸಲ್ಲು ಬಿಡಿಸಿಕೊಳ್ಳಲು ಬಸ್ ನಿಲ್ದಾಣಕ್ಕೆ ಹೋದಾಗ ಧ್ವನಿವರ್ಧಕದಲ್ಲಿ "ಪ್ರಯಾಣಿಕರ ಗಮನಕ್ಕೆ" ಎಂಬ ದನಿ ಕೇಳಿ ಪಾರ್ಸಲ್ಲು ಬಿಟ್ಟು ಅಲ್ಲೇ ನಿಂತಿದ್ದ. ಮರುವಾರ ಟೇಪ್‌ರೆಕಾರ್ಡರ್ ಒಯ್ದು ಗದಗ, ನರಗುಂದ, ಸವದತ್ತಿ ಬಸ್ಸುಗಳ ಘೋಷಣೆಯನ್ನೆಲ್ಲ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದ. ಆಮೇಲೆ ಘೋಷಣೆ ಮಾಡುತ್ತಿದ್ದ ಆ ಹುಡುಗಿಯನ್ನು ಹಿರಿಯರನ್ನು ಕಳಿಸಿ ಕೇಳಿಸಿದ, ಮದುವೆಯೂ ಆಯಿತು. ಮುಂದೊಂದು ದಿನ ಯಾವುದೋ ಧ್ವನಿ ಕಂಪನಿಯವರು ನೀಲಗಂಗಾಳನ್ನು ಕರೆದೊಯ್ದು ಗಾಜಿನ ಕೋಣೆಯಲ್ಲಿ ಕೂರಿಸಿ "ಘಟಪ್ರಭೆಯ ಘಂಟೆ ಝಣಝಣಿಸಿತು" ಎಂಬಂಥ ತಲೆಬುಡವಿಲ್ಲದ ವಾಕ್ಯಗಳನ್ನು ಓದಿಸಿದರು. ಕನ್ನಡದ ಅಕ್ಷರಗಳೆಲ್ಲ ಬರಬೇಕಂತೆ. ಮನೆಗೆ ಬಂದು ಅದನ್ನು ಹೇಳಿ ಹೇಳಿ ನಕ್ಕಿದ್ದಳು. ತೋರಿಸಿದಲ್ಲಿ ಸಹಿ ಹಾಕಿದ್ದು ಯಾರಿಗೂ ನೆನಪಿನಲ್ಲೂ ಉಳಿಯಲಿಲ್ಲ.

ಕಿವಿ ಯಂತ್ರ ಮಾಡಿದ ಕಂಪನಿಯ ಪ್ರಯೋಗಾಲಯ ಧಾರವಾಡದ ರಸ್ತೆಯಲ್ಲಿತ್ತು. ಮೂವರೂ ಹೋದರು. ಅಲ್ಲಿನ ಎಂಜಿನಿಯರ್ ಶ್ರೀಪಾದ ಜಾಲಿಹಾಳ ತೆಳ್ಳಗಿನ, ಸಭ್ಯ ಮನುಷ್ಯ. ಸದ್ದೇ ಹುಟ್ಟದ ಕೋಣೆಯೊಂದರಲ್ಲಿ ಅವರನ್ನು ಕೂರಿಸಿ ಪರದೆಯ ಮೇಲೆ ಗೆರೆಗಳನ್ನು ತೋರಿಸಿದ.

"ಯಂತ್ರ ಕೆಟ್ಟಿಲ್ರೀ. ತನ್ನ ಕೆಲಸಾನೇ ಮಾಡ್ಲಿಕ್ಕತ್ತದ" ಎಂದ. "ಸುಳ್ಳು ದನಿ ಮಾಡಿ ಮಂದಿಗೆ ಮೋಸ ಮಾಡೋದು ಹೆಚ್ಚಾದ ಮ್ಯಾಲೆ ಕಾಯ್ದೆ ಬಂತಲ್ಲ, ಆವಾಗಿಂದ ನೋಂದಾಯಿಸಿದ ದನಿಯ ನಕಲು ಎಲ್ಲೇ ಕೇಳಿದ್ರೂ ಯಂತ್ರ ಅದನ್ನ ನುಂಗಿಬಿಡಬೇಕು. ಎಲ್ಲಾ ಕಂಪನಿ ಯಂತ್ರದಾಗೂ ಇದೇ ಬೀಗ ಅದ. ನಿಮ್ಮ ಮನೆಯವರ ದನಿ ನೋಂದಾಯಿಸಿದ ದನಿ."

"ಹೌದಲ್ರೀ, ಆಕೀದ ದನಿ" ಎಂದ ಮುರಿಗೆಪ್ಪ.

"ಆಗಿತ್ತು. ಅವರು ಅದನ್ನ ಆ ಧ್ವನಿ ಕಂಪನಿಗೆ ಬರೆದು ಕೊಟ್ಟಾರ, ನಾವು ಅವರ ಕಡೆಯಿಂದ ಕೊಂಡೇವಿ. ಈಗ ಅಸಲು ನಮ್ಮ ಭಂಡಾರದಾಗ ಅದ." ಜಾಲಿಹಾಳ ನೀಲಗಂಗಾಳ ಕಡೆ ಕೈ ತೋರಿಸಿದ. "ಇವರ ಬಾಯಿಂದ ಬರೋದು ಯಂತ್ರದ ಲೆಕ್ಕಕ್ಕ ನಕಲು."

ದಾಕ್ಷಾಯಣಿ ಸಿಟ್ಟಿನಿಂದ ಎದ್ದು ನಿಂತಳು. ನೀಲಗಂಗಾ ಮಾತ್ರ ತನ್ನ ಗಂಟಲನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ಅದೇ ಗಳಿಗೆಯಲ್ಲಿ ಮುರಿಗೆಪ್ಪನ ಕಿವಿಯೊಳಗಿನವಳು "ಮುರಿಗೆಪ್ಪ ಅವರೇ, ಬ್ಯಾಟರಿ ಕಡಿಮೆ ಇದೆ" ಎಂದಳು. ಮುರಿಗೆಪ್ಪ ಅಭ್ಯಾಸಬಲದಿಂದ ಹೆಂಡತಿಯ ಕಡೆ ತಿರುಗಿ "ಹೂಂ" ಎಂದುಬಿಟ್ಟ. ನೀಲಗಂಗಾ ಅವನನ್ನೇ ನೋಡಿದಳು.

"ಒಂದು ದಾರಿ ಅದ" ಎಂದ ಜಾಲಿಹಾಳ. ಬೀದಿಯಲ್ಲಿ ಲಾರಿ ಬರುತ್ತಿರುವಾಗ ಯಾರೋ ಹೆಸರು ಹಿಡಿದು ಕೂಗಿದರೆ ಕೇಳಿಸದೆ ಹೋಗಬಾರದಲ್ಲ, ಅದಕ್ಕೆ ಯಂತ್ರದಲ್ಲಿ ಒಂದು ಸಡಿಲಿಕೆ ಇಟ್ಟಿದ್ದರು. ಹಾಕಿಕೊಂಡವನ ಹೆಸರು ಕಿವಿಗೆ ಬಿದ್ದರೆ, ಅದು ಯಾವ ದನಿಯಲ್ಲೇ ಇರಲಿ, ಅದರ ಬೆನ್ನಿಗೆ ಅದೇ ದನಿಯಲ್ಲಿ ಬರುವ ಒಂದು ಉಸಿರಿನ ಮಾತನ್ನು ಯಂತ್ರ ಒಳಗೆ ಬಿಡುತ್ತದೆ. "ಅಕ್ಕಾರ, ಮಾತಾಡೂ ಮುಂಚೆ ಇವರನ್ನ ಹೆಸರು ಹಿಡದು ಕರೀರಿ. ಅಷ್ಟೇ. ಹಂಗ ಒಳಗ ಬಂದ ಮಾತು, ಹೆಸರಿನ ಹಿಂದಿಂದೂ ಕೂಡಿ, ತಾಳೆ ನೋಡ್ಲಿಕ್ಕೆ ನಮ್ಮ ಕಡೆ ಬರ್ತದ, ಅದೇನ ದೊಡ್ಡದಲ್ಲ."

ನೀಲಗಂಗಾ ಬಾಯಿಗೆ ಸೆರಗು ಒತ್ತಿಕೊಂಡು ನಾಚಿದಳು. ಜಾಲಿಹಾಳನಿಗೆ ಅರ್ಥವಾಗಲಿಲ್ಲ. ಮುರಿಗೆಪ್ಪನಿಗೆ ಆಯಿತು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. 'ರೀ' ಅನ್ನುತ್ತಿದ್ದಳು, 'ಕೇಳ್ರಿಲ್ಲೆ' ಅನ್ನುತ್ತಿದ್ದಳು. ಅವನು ದೂರದಲ್ಲಿದ್ದರೆ ಕೈ ಝಾಡಿಸಿ ಬಳೆ ಸಪ್ಪಳ ಮಾಡುತ್ತಿದ್ದಳು. ಬ್ಯಾಂಕಿನಲ್ಲಿ ಗಂಡನ ಹೆಸರು ಕೇಳಿದರೆ ಮಗಳ ಕಡೆ ನೋಡುತ್ತಿದ್ದಳು. ಒಮ್ಮೆ ಮಾತ್ರ ಹೇಳಿದ್ದಳು, ಮದುವೆಯ ದಿನ, ಅದೂ ಒಡಪಿನಲ್ಲಿ, ಪ್ರಾಸದ ಸಾಲುಗಳ ಕೊನೆಗೆ ಕಟ್ಟಿ. ಮುರಿಗೆಪ್ಪನ ಅಕ್ಕತಂಗಿಯರು ಹೊಸ್ತಿಲಲ್ಲಿ ಬಾಗಿಲು ತಡೆದು ನಿಂತು, ಗಂಡನ ಹೆಸರು ಹೇಳದೆ ಮದುಮಗಳನ್ನು ಒಳಗೆ ಬಿಡುವುದಿಲ್ಲ ಎಂದಿದ್ದರು.

ಈ ಯಂತ್ರವೂ ಈಗ ಹಾಗೇ ಬಾಗಿಲು ತಡೆದು ನಿಂತಿತ್ತು.

ಮನೆಗೆ ಬಂದ ಮೇಲೆ ದಾಕ್ಷಾಯಣಿ ಅವ್ವನಿಗೆ ದುಂಬಾಲು ಬಿದ್ದಳು. ನೀಲಗಂಗಾ ಬಾಯಿ ತೆರೆಯುವಳು, 'ಮು' ಎಂದು ತುಟಿ ಕೂಡಿಸುವಳು, ಅಲ್ಲಿಗೇ ನಾಲಿಗೆ ಹಿಂದೆ ಸರಿಯುವುದು. ಕೊನೆಗೆ ಕೈಸನ್ನೆ ಮಾಡಿ ಒಳಗೆ ಹೋಗುವಳು. ಮುರಿಗೆಪ್ಪ ತಾನೇ ಬೇರೆ ಟೇಪು ಹುಡುಕತೊಡಗಿದ. ಹಳೆಯ ರೆಕಾರ್ಡರನ್ನು ಅಟ್ಟದಿಂದ ಇಳಿಸಿ, ರಬ್ಬರು ಬೆಲ್ಟು ಬದಲಿಸಿ, ಅವಳ ಮಾತನ್ನು ಕ್ಯಾಸೆಟ್ಟಿಗೆ ಇಳಿಸಿ, ವೇಗ ತಗ್ಗಿಸಿ ಕೇಳಿದ. ಯಂತ್ರ ಮೋಸ ಹೋಯಿತು. ಕಿವಿಗೆ ದನಿ ಬಂತು. ಆದರೆ ಅದು ನೆಗಡಿಯಾದ ಗಂಡಸೊಬ್ಬ "ಸಾರಿಗೆ ಉಪ್ಪ ಕಡಿಮಿ ಆಗೇತೇನ್ರಿ" ಎಂದು ಎಳೆದೆಳೆದು ಕೇಳಿದಂತಿತ್ತು. ದಾಕ್ಷಾಯಣಿ ಬಿದ್ದು ಬಿದ್ದು ನಕ್ಕಳು. ಅವನು ರೆಕಾರ್ಡರನ್ನು ಮತ್ತೆ ಅಟ್ಟಕ್ಕೆ ಹಾಕಿದ.

ಕಿವಿಯೊಳಗಿನವಳು ಮಾತ್ರ ಸುಮ್ಮನಿರಲಿಲ್ಲ. ಗುಳಿಗೆ ತೆಗೆದುಕೊಳ್ಳುವ ಹೊತ್ತಾಯಿತು ಎನ್ನುವಳು, ಮೋಡವಾಗಿದೆ ಛತ್ರಿ ಒಯ್ಯಿರಿ ಎನ್ನುವಳು. ಪ್ರತಿ ಮಾತಿಗೂ "ಮುರಿಗೆಪ್ಪ ಅವರೇ" ಎಂದು ಹೆಸರು ಹಿಡಿದೇ ಶುರು. ಹೆಂಡತಿಯ ಬಾಯಿಂದ ಎಂದೂ ಬಾರದ ಹೆಸರು ಹೆಂಡತಿಯದೇ ದನಿಯಲ್ಲಿ ದಿನಕ್ಕೆಷ್ಟೋ ಸಲ ಕೇಳುತ್ತಿತ್ತು. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತು. ಬರಬರುತ್ತ, ಹೇಳಲು ನಾಚಿಕೆ, ಅವನಿಗೆ ಅದು ಹಿತವಾಗತೊಡಗಿತು. ಒಂದು ಮಧ್ಯಾಹ್ನ ಆರಾಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ "ಹೌದೇನವಾ? ಆತು, ಛತ್ರಿ ಒಯ್ತೀನಿ" ಎಂದು ಮುಗುಳ್ನಕ್ಕ. ಕಣ್ಣು ತೆರೆದರೆ ಎದುರಿಗೆ ನೀಲಗಂಗಾ ನಿಂತಿದ್ದಳು. ಅವಳ ಕೈಯಲ್ಲಿ ಚಹಾದ ಬಟ್ಟಲಿತ್ತು.

ಬಟ್ಟಲನ್ನು ಕೆಳಗಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮದುಮಗಳ ಹಾಗೆ ನೆಲ ನೋಡುತ್ತ ಅವಳು ಹೇಳತೊಡಗಿದಳು. ಮುರಿಗೆಪ್ಪನಿಗೆ ಏನೂ ಕೇಳಲಿಲ್ಲ. ತುಟಿಗಳ ಓಟ ನೋಡಿಯೇ ಅದು ಒಡಪು ಎಂದು ತಿಳಿಯಿತು, ಹೊಸ್ತಿಲಲ್ಲಿ ನಿಂತು ಹೇಳಿದ್ದ ಅದೇ ಒಡಪು. ಸಾಲುಗಳು ಅವನಿಗೆ ಮರೆತೇ ಹೋಗಿದ್ದವು. ಅದರ ಕೊನೆಗೆ ಅವನ ಹೆಸರು ಬರುತ್ತಿತ್ತು ಎಂಬುದಷ್ಟೇ ನೆನಪು. ಅವಳ ತುಟಿ ಕೂಡಿತು, ಬಿಚ್ಚಿತು. ಚಿಲಕ ಸರಿದಂತೆ ಕಿವಿಯೊಳಗೆ ಸಣ್ಣದೊಂದು ಟಕ್ಕೆಂಬ ಸದ್ದು.

"...ಕೇಳತೈತೇನ್ರಿ?"

ಮುರಿಗೆಪ್ಪ ಅತ್ತುಬಿಟ್ಟ. ಅದು ಬಸ್ ನಿಲ್ದಾಣದ ದನಿಯಲ್ಲ. ಅಂಚು ಒಡೆದಿತ್ತು, ಮಧ್ಯೆ ಉಬ್ಬಸವಿತ್ತು, ಎಷ್ಟೋ ವರ್ಷ ಒಲೆಯ ಮುಂದೆ ನಿಂತು, ಮಗಳನ್ನು ಬೈದು, ಕಿವುಡ ಗಂಡನಿಗೆ ಕೂಗಿ ಕೂಗಿ ಸವೆದ ದನಿ. ಅದು ಇಷ್ಟು ಮುದಿಯಾಗಿದೆ ಎಂದು ಅವನಿಗೆ ತಿಳಿದೇ ಇರಲಿಲ್ಲ. ಅವನಿಗೆ ಅದರಷ್ಟು ಚೆಂದದ್ದು ಬೇರೊಂದಿರಲಿಲ್ಲ.

ಆಮೇಲೆ ಆ ಮನೆಯಲ್ಲಿ ಒಂದು ಹೊಸ ಆಟ ಶುರುವಾಯಿತು. ಬರಿಯ ಹೆಸರು ಹೇಳಲು ನೀಲಗಂಗಾಳಿಗೆ ಇನ್ನೂ ನಾಚಿಕೆ; ಹೀಗಾಗಿ ಕೊತ್ತಂಬರಿ ತರಿಸಬೇಕಾದರೂ ಒಂದು ಒಡಪು ಕಟ್ಟುತ್ತಿದ್ದಳು. ಕೆಲಸ ಅವಸರದ್ದಾದಂತೆ ಒಡಪು ಗಿಡ್ಡವಾಯಿತು. ಕೊನೆಗೆ "ಮುರಿಗೆಪ್ಪನವರ, ಊಟಕ್ಕ ಬರ್ರಿ" ಎನ್ನುವಲ್ಲಿಗೆ ಬಂತು. ಹೆಸರು ಮಾತ್ರ ಅವನಿಗೆ ಕೇಳುತ್ತಿರಲಿಲ್ಲ. ಅದು ಬಾಗಿಲು ತೆರೆಯುವಷ್ಟರಲ್ಲಿ ಸವೆದುಹೋಗುತ್ತಿತ್ತು. ಅದರ ನಂತರದ ಮಾತೆಲ್ಲ ಅವನದು. ಓಣಿಯ ಹೆಂಗಸರು ಆಡಿಕೊಂಡರು. "ಆಡಿಕೊಳ್ಳಲಿ ಬಿಡ್ರಿ" ಎಂದು ನೀಲಗಂಗಾ ನಕ್ಕದ್ದೂ ಅವನಿಗೆ ಕೇಳಿತು. ಅವನು ಜಾಲಿಹಾಳನಿಗೆ ಫೋನ್ ಮಾಡಿ, ನಿಮ್ಮ ಬೀಗಕ್ಕೂ ಟೇಪು ಹಚ್ಚೀನಿ ನೋಡ್ರಿ ಎಂದು ಕೊಚ್ಚಿಕೊಂಡ.

ಚಳಿ ಬೀಳುವ ಹೊತ್ತಿಗೆ ಕಿವಿಯೊಳಗಿನವಳ ದನಿಗೆ ನೆಗಡಿಯಾದಂತೆನಿಸಿತು. "ಮುರಿಗೆಪ್ಪ ಅವರೇ" ಎನ್ನುವಾಗ ಸಣ್ಣಗೆ ಒಡೆಯುತ್ತಿತ್ತು. ಯಂತ್ರಕ್ಕೆ ಎಲ್ಲಿಯ ನೆಗಡಿ ಎಂದು ಅವನು ಗಮನ ಕೊಡಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಅವಳು ಪುಸ್ತಕದ ಕನ್ನಡ ಬಿಟ್ಟಳು. "ಗುಳಿಗಿ ತಗೊಂಡ್ರೇನ್ರಿ?" ಎಂದಳು. ಅವನು ಹೂಂ ಎಂದ, ಅಡಿಗೆಮನೆಯ ಕಡೆ ನೋಡುತ್ತ.

ಒಂದು ಭಾನುವಾರ ಬೆಳಿಗ್ಗೆ ಅವನು ಪೇಪರು ಓದುತ್ತಿದ್ದ. ಅಡಿಗೆಮನೆಯ ಕಡೆಯಿಂದ ನೀಲಗಂಗಾ ಕರೆದಳು.

"ಮುರಿಗೆಪ್ಪನವರ, ಚಹಾ ಇಟ್ಟೀನಿ, ಬರ್ರಿ."

ಎದ್ದ. ಎರಡು ಹೆಜ್ಜೆ ಹೋದ ಮೇಲೆ ಏನೋ ತಪ್ಪಿದೆ ಎನಿಸಿತು. ಅವನಿಗೆ ಹೆಸರು ಕೇಳಿತ್ತು. ಹೆಂಡತಿ ಕರೆದಾಗ ಎಂದೂ ಕೇಳದಿದ್ದ ಹೆಸರು ಈ ಸಲ ಪೂರ್ತಿ ಕೇಳಿತ್ತು.

ಅಡಿಗೆಮನೆಯಲ್ಲಿ ಯಾರೂ ಇರಲಿಲ್ಲ. ಒಲೆ ತಣ್ಣಗಿತ್ತು. ಚಹಾದ ಪಾತ್ರೆ ಬೋರಲು ಹಾಕಿದ್ದು ಹಾಗೇ ಇತ್ತು. ಖಾಲಿ ಕೋಣೆಯ ನಡುವೆ ನಿಂತ ಅವನಿಗೆ ಆ ದನಿ, ಅಂಚು ಒಡೆದ, ಉಬ್ಬಸದ, ಅವನು ಅತ್ತು ಪಡೆದ ಆ ದನಿ, ನಿಧಾನವಾಗಿ, ಒಂದಕ್ಷರವೂ ನುಂಗದೆ ಹೇಳಿತು:

"ಹಿತ್ತಾಳಿ ಗಿಂಡ್ಯಾಗ ಹದವಾಗಿ ಕಾಸಿದ ತುಪ್ಪ, ನನ್ನ ಕೈ ಬಿಡದ ಕರಕೊಂಡು ಹೊಂಟಾರ ಮುರಿಗೆಪ್ಪ."

ಮರೆತ ಒಡಪು ಪೂರ್ತಿ ನೆನಪಾಯಿತು. ಅದನ್ನು ಹೆಂಡತಿಯ ಬಾಯಿಂದ ಕೇಳಬೇಕೆಂದು ಎಷ್ಟು ಹಂಬಲಿಸಿದ್ದ.

ಹಿಂದೆ ಬಾಗಿಲು ಕಿರುಗುಟ್ಟಿತು. ನೀಲಗಂಗಾ ಕಾಯಿಪಲ್ಲೆಯ ಚೀಲ ಹಿಡಿದು ಒಳಗೆ ಬಂದಳು. ಅವನ ಮುಖ ನೋಡಿ ಗಾಬರಿಯಾದಳು. ತುಟಿ ಕೂಡಿತು, ಬಿಚ್ಚಿತು. ಅವನ ಹೆಸರೇ. ಚಿಲಕ ಸರಿಯಲಿಲ್ಲ. ಅವಳು ಮತ್ತೆ ಹೇಳಿದಳು, ಮತ್ತೆ, ನಾಚಿಕೆಯನ್ನೆಲ್ಲ ಬಿಟ್ಟು ಬಾಯಿ ದೊಡ್ಡದು ಮಾಡಿ. ಫ್ಯಾನಿನ ಸದ್ದು ಕೇಳುತ್ತಿತ್ತು, ಚೀಲದ ಪ್ಲಾಸ್ಟಿಕ್ಕಿನ ಚರಪರ ಕೇಳುತ್ತಿತ್ತು.

ಜಾಲಿಹಾಳ ಈ ಸಲ ಸದ್ದಿಲ್ಲದ ಕೋಣೆಯಲ್ಲಿ ಬಹಳ ಹೊತ್ತು ಪರದೆಯನ್ನೇ ನೋಡುತ್ತ ಕೂತ. ಅವನಿಗೂ ಇದು ಗೊತ್ತಿರಲಿಲ್ಲ ಎಂಬುದು ಮುಖದಲ್ಲೇ ಇತ್ತು.

"ತಾಳೆ ನೋಡ್ಲಿಕ್ಕೆ ಬಂದ ಮಾತಿನಿಂದ ಅದು ಕಲ್ತದ" ಎಂದ. "ಯಂತ್ರಕ್ಕ ತನ್ನ ಹತ್ರ ಇರೋದೇ ಅಸಲು, ಅಲ್ಲಾ? ಅಸಲಿಗೂ ಈಗಿನ ದನಿಗೂ ಫರಕು ಬಂತು. ಫರಕು ತೆಗೀಲಿಕ್ಕೆ ತನ್ನನ್ನ ತಾನೇ ತಿದ್ದಿಕೊಂಡದ. ಈಗಿನ ದನಿ, ಮಾತಿನ ಧಾಟಿ, ಒಡಪು, ಹೆಸರು ಕರಿಯೋ ರೀತಿ, ಎಲ್ಲಾ ನೋಂದಣಿ ಆಗೇದ. ಹಿಂಗಾಗಿ ಇವರು ನಿಮ್ಮ ಹೆಸರು ಹೇಳಿದ್ರೂ ಅದೂ ನಕಲೇ."

"ತೆಗದ ಬಿಡ್ರಿ ಅದನ್ನ" ಎಂದಳು ದಾಕ್ಷಾಯಣಿ.

"ನನ್ನ ಕೈಯಾಗ ಇಲ್ಲ ತಂಗಿ. ಭಂಡಾರದಾಗ ಸೇರಿದ್ದು ಹೊರಗ ಬರೂದಿಲ್ಲ."

ನೀಲಗಂಗಾ ಮಗಳಿಗೆ ಏನೋ ಹೇಳಿದಳು. ದಾಕ್ಷಾಯಣಿ ಅದನ್ನು ಅಪ್ಪನಿಗೆ ಒಪ್ಪಿಸಿದಳು. "ಅಪ್ಪಾ, ಅವ್ವ ಕೇಳಾಕತ್ತಾಳ. ನಾ ಹೆಸರ ಹೇಳದ ಇದ್ದಿದ್ರ ಅದಕ್ಕ ಸಿಗತಿದ್ದಿಲ್ಲಲ್ಲಾ, ಅಂತ."

ನಾಚಿಕೆ ಬಿಡಿಸಿ ಹೇಳಿಸಿದವನು ತಾನೇ ಎಂಬುದು ಮುರಿಗೆಪ್ಪನಿಗೆ ಚುಚ್ಚಿತು.

ಅಂದಿನಿಂದ ನೀಲಗಂಗಾ ಗಂಡನೆದುರು ಮಾತು ಬಿಟ್ಟಳು. ಮಾತು ಬಿಟ್ಟಳು ಅಂದರೆ ಮುನಿಸಲ್ಲ. ಹಳೆಯ ಪದ್ಧತಿಗೆ ಮರಳಿದಳು. ಊಟಕ್ಕೆ ಕರೆಯಬೇಕಾದರೆ ಕೈ ಝಾಡಿಸಿ ಬಳೆ ಸಪ್ಪಳ ಮಾಡುವಳು. ಬಾಗಿಲಲ್ಲಿ ಯಾರೋ ಬಂದರೆ ಒಂದು ರೀತಿ, ಚಹಾ ಆರುತ್ತಿದ್ದರೆ ಇನ್ನೊಂದು ರೀತಿ. ಸಿಟ್ಟಿನ ಸಪ್ಪಳ ಬೇರೆ, ಸುಮ್ಮನೆ ಬಂದು ಕೂಡ್ರಿ ಎನ್ನುವ ಸಪ್ಪಳ ಬೇರೆ. ಕಿವುಡಾಗುವ ಮುನ್ನ ಇದೆಲ್ಲ ಅವನಿಗೆ ಗೊತ್ತಿದ್ದ ಭಾಷೆಯೇ. ಹಸಿರು ಗಾಜಿನ ಬಳೆಗಳು, ಒಂದೆರಡು ಒಡೆದರೆ ಬಳೆಗಾರ್ತಿಯ ಹತ್ತಿರ ಹೋಗಿ ಮತ್ತೆ ಇಡಿಸಿಕೊಳ್ಳುತ್ತಿದ್ದಳು. ಅವನ್ನು ಯಾರೂ ಯಾವ ಗಾಜಿನ ಕೋಣೆಯಲ್ಲೂ ಬರೆಸಿಕೊಂಡಿರಲಿಲ್ಲ. ಕಿವಿಯೊಳಗಿನವಳು ಎಷ್ಟೇ ಕರೆದರೂ ಅವನು ಕೂತಲ್ಲಿಂದ ಏಳುತ್ತಿರಲಿಲ್ಲ. ಬಳೆ ಸಪ್ಪಳವಾದರೆ ಮಾತ್ರ ಏಳುತ್ತಿದ್ದ. ಹೀಗೆ ಇಬ್ಬರಿಗೂ ಒಂದು ನೆಮ್ಮದಿ ಸಿಕ್ಕಿತ್ತು.

ಸಂಕ್ರಾಂತಿಯ ಮುನ್ನಾದಿನ ನೀಲಗಂಗಾ ಎಳ್ಳು ಹುರಿಯುತ್ತಿದ್ದಳು. ಮನೆಯೆಲ್ಲ ಘಮಘಮ. ಒಳಗಿನಿಂದ ಬಳೆ ಸಪ್ಪಳವಾಯಿತು, ಸುಮ್ಮನೆ ಬಂದು ಕೂಡ್ರಿ ಎನ್ನುವ ಸಪ್ಪಳ. ಮುರಿಗೆಪ್ಪ ಎದ್ದು ಹೋಗಿ ಅವಳ ಪಕ್ಕದಲ್ಲಿ ಮಣೆ ಎಳೆದುಕೊಂಡು ಕೂತ. ಅವಳು ಚಿಟಿಕೆ ಎಳ್ಳನ್ನು ಅವನ ಅಂಗೈಗೆ ಹಾಕಿ, ರುಚಿ ಹೇಗಿದೆ ಎಂದು ಇನ್ನೊಮ್ಮೆ ಕೈ ಆಡಿಸಿದಳು. ಅವನು ನಕ್ಕು ತಲೆಯಾಡಿಸಿದ.

ಆಗ ಕಿವಿಯೊಳಗೆ ಹೆಂಡತಿಯ ಮುದಿ ದನಿ, ಬಹಳ ಮೆತ್ತಗೆ, ಅಕ್ಕರೆಯಿಂದ ಕೇಳಿತು. "ಮುರಿಗೆಪ್ಪನವರ, ಆ ಸಪ್ಪಳ ಬಂದಾಗೆಲ್ಲಾ ನೀವು ಎದ್ದು ಹೋಗ್ತೀರಿ. ಏನ್ರಿ ಅದು? ನೆನಪ ಇಟ್ಕೊಳ್ಳಲೇನ್ರಿ?"

ನೀಲಗಂಗಾ ಮತ್ತೆ ಕೈ ಎತ್ತುತ್ತಿದ್ದಳು. ಮುರಿಗೆಪ್ಪ ತಟ್ಟನೆ ಅವಳ ಮುಂಗೈ ಹಿಡಿದು, ಬಳೆಗಳು ಒಂದಕ್ಕೊಂದು ತಾಗದಂತೆ ಅಂಗೈಯಲ್ಲಿ ಬಿಗಿಯಾಗಿ ಮುಚ್ಚಿಕೊಂಡ. ಅವಳು ಏನೆಂದು ಕಣ್ಣಲ್ಲೇ ಕೇಳಿದಳು. ಬಾಣಲೆಯಲ್ಲಿ ಎಳ್ಳು ಸೀಯುತ್ತಿತ್ತು, ಅವನು ಕೈ ಬಿಡಲಿಲ್ಲ.